ಸರ್ವೆಯರ್ ಮಹಾಶಯರೂ ಬಟವಾಡಿಯ ಹಳೇ ಲಾರಿಯೂ

ಹೋದ ವಾರ ಬಟವಾಡಿಯ ಎ.ಪಿ.ಎಂ.ಸಿ. ಯಾರ್ಡಿನಲ್ಲಿ ನಾವು ಹಮಾಲಿ ಸಂಗಾತಿಗಳ ಜೊತೆ ಕೂಲಿ ದರದ ಮಾತಾಡುತ್ತ ನಿಂತಿದ್ದಾಗ, ಲಾರಿ ಮಾಲೀಕರೊಬ್ಬರು ಜೇಬಿನಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು ನಮ್ಮ ಕೈಗೆ ಕೊಟ್ಟರು. ಮಾಲೀಕರು ಎಂಬ ದೊಡ್ಡ ಹೆಸರಿಗೆ ಯಾರೂ ಮರುಳಾಗಬೇಡಿ. ಇರುವುದು ಒಂದೇ ಲಾರಿ. ಅದಕ್ಕೆ ವಯಸ್ಸು ಹದಿನಾರು. ಓಡಿಸುವವರೂ ಅವರೇ, ಟೈರು ಬಿಚ್ಚುವವರೂ ಅವರೇ, ಲೋಡು ತಡವಾದ ರಾತ್ರಿ ಅದರ ಅಡಿಯಲ್ಲಿ ಚಾಪೆ ಹಾಸಿ ಮಲಗುವವರೂ ಅವರೇ. "ಮೇಷ್ಟ್ರೇ, ಇಂಗ್ಲಿಷಿನಲ್ಲಿದೆ. ಟೋಟಲ್ ಲಾಸ್ ಅಂತ ಬರೆದವರಂತೆ. ಗಾಡಿ ಗ್ಯಾರೇಜಿನಲ್ಲಿ ನಿಂತಿದೆ, ಇಂಜಿನ್ನು ಸ್ಟಾರ್ಟ್ ಆಗ್ತದೆ. ಟೋಟಲ್ ಹೆಂಗಾಯ್ತು?" ಎಂದು ಕೇಳಿದರು.

ಓದಿದೆವು. ಒಂದು ವಿಮಾ ಕಂಪನಿಯ ಕಾಗದ. ದಾಬಸ್‌ಪೇಟೆಯ ಬಳಿ ಹೆದ್ದಾರಿಯಲ್ಲಿ ಲಾರಿಯ ಮೂತಿ ಮುಂದಿನ ಗಾಡಿಗೆ ಹೊಡೆದು ಜಜ್ಜಿದೆ. ರಿಪೇರಿಗೆ ಗ್ಯಾರೇಜಿನವರು ಕೊಟ್ಟ ಅಂದಾಜು 95,000 ರೂಪಾಯಿ. ಪಾಲಿಸಿಯಲ್ಲಿ ಲಾರಿಗೆ ಕಟ್ಟಿದ ಬೆಲೆ 1,20,000. ರಿಪೇರಿ ಖರ್ಚು ಆ ಬೆಲೆಯ ನೂರಕ್ಕೆ 75 ಭಾಗವನ್ನು ದಾಟಿದರೆ ಗಾಡಿ ಪೂರ್ತಿ ನಾಶವಾದ ಹಾಗೆಯೇ ಲೆಕ್ಕ ಎಂಬುದು ಮೋಟಾರು ವಿಮೆಯ ನಿಯಮ. 1,20,000ಕ್ಕೆ ನೂರಕ್ಕೆ 75 ಎಂದರೆ 90,000. ಐದು ಸಾವಿರ ಮೀರಿತು. ಲಾರಿ ಸತ್ತಿತು! ಹೆಣದ ಬೆಲೆ 45,000 ಎಂದು ಕಳೆದು 75,000 ಕೊಡುತ್ತೇವೆ, ಆದರೆ ಮೊದಲು ಆರ್.ಸಿ. ರದ್ದು ಮಾಡಿಸಿ ತನ್ನಿ ಎಂದು ಕಾಗದ ಹೇಳುತ್ತದೆ. ಆರ್.ಸಿ. ರದ್ದಾದ ಲಾರಿ ಗುಜರಿಯವನಿಗಲ್ಲದೆ ಬೇರಾರಿಗೂ ಬೇಡ. ಹೀಗೆ ಅವರ ಕೈಗೆ ಒಟ್ಟು ಬರುವುದು ಗುಜರಿಯ ಹಣವೂ ಸೇರಿ 1,20,000. ಅಂಥದೇ ಹಳೆಯ ಲಾರಿ ಇನ್ನೊಂದನ್ನು ಕೊಳ್ಳಬೇಕಾದರೆ ಅದರ ಎರಡರಷ್ಟಾದರೂ ಬೇಕು ಎಂದು ಯಾರ್ಡಿನಲ್ಲಿ ನಿಂತಿದ್ದ ನಾಲ್ಕೈದು ಜನ ಒಂದೇ ಬಾಯಿಂದ ಹೇಳಿದರು.

ಹಾಗಾದರೆ ಆ 1,20,000ವನ್ನು ಕಟ್ಟಿದವರು ಯಾರು? ಇಲ್ಲಿಯೇ ಇಡೀ ಕಥೆಯ ಗಂಟು ಇರುವುದು. ಪಾಲಿಸಿ ನವೀಕರಿಸುವಾಗ ಹದಿನೈದು ದಿನ ತಡವಾಗಿತ್ತಂತೆ. ತಡವಾದರೆ ಕಂಪನಿಯವರು ಗಾಡಿಯನ್ನು ಕಣ್ಣಾರೆ ನೋಡದೆ ಪಾಲಿಸಿ ಕೊಡುವುದಿಲ್ಲ. ನೋಡಲು ಒಬ್ಬರು ಬಂದರು. ಮೊಬೈಲಿನಲ್ಲಿ ಸುತ್ತಲೂ ವಿಡಿಯೋ ತೆಗೆದರು. ಬಣ್ಣ ಹೋಗಿದೆ, ಬಂಪರು ಸೊಟ್ಟಗಿದೆ, ಬಾಡಿ ಮರ ಕೊಳೆತಿದೆ ಎಂದು ಬರೆದುಕೊಂಡರು. ಹಳೆ ಗಾಡಿ, ಬೆಲೆ ಕಡಮೆ ಹಾಕಿದರೆ ಪ್ರೀಮಿಯಮ್ಮೂ ಕಡಮೆ ಬೀಳುತ್ತದೆ ಎಂದು ಏಜೆಂಟರು ಹೇಳಿದರು. ಇವರು ಹೂಂ ಎಂದರು. ಗಾಡಿಗೆ ಐದು ವರ್ಷ ದಾಟುವವರೆಗೆ ಬೆಲೆ ಇಳಿಸಲು ಒಂದು ಕೋಷ್ಟಕವಿದೆ: ಆರು ತಿಂಗಳೊಳಗೆ ನೂರಕ್ಕೆ 5, ವರ್ಷದೊಳಗೆ 15, ಎರಡರೊಳಗೆ 20, ಹೀಗೆ ಏರುತ್ತ ಐದನೆಯ ವರ್ಷಕ್ಕೆ 50. ಐದು ದಾಟಿದ ಮೇಲೆ ಕೋಷ್ಟಕವಿಲ್ಲ. ಕಂಪನಿಗೂ ಗಿರಾಕಿಗೂ ಆಗುವ ಒಪ್ಪಂದವೇ ಬೆಲೆ. ಉಭಯ ಸಮ್ಮತಿ! ಸಾವಿರಾರು ಕೋಟಿಯ ಒಂದು ಕಂಪನಿ, ಬಾಡಿಗೆ ಕಳೆದುಕೊಂಡು ಗೇಟಿನಲ್ಲಿ ನಿಂತ ಒಬ್ಬ ಮನುಷ್ಯ, ಇಬ್ಬರೂ ಸಮಾನಸ್ಕಂಧರಾಗಿ ಕುಳಿತು ಸಮ್ಮತಿಸಿದರಂತೆ.

ತಪ್ಪು ನಮ್ಮವರದೂ ಇದೆ ಎಂದು ಇಲ್ಲಿಯೇ ಹೇಳಿಬಿಡುತ್ತೇವೆ. ಪ್ರೀಮಿಯಮ್ಮಿನ ದೊಡ್ಡ ಪಾಲು ಗಾಡಿಯ ಬೆಲೆಗೆ ಹೋಗುವುದೇ ಇಲ್ಲ, ಮೂರನೆಯವರ ಹೊಣೆಯ ವಿಮೆಗೆ ಹೋಗುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ, ಒಟ್ಟು ತೂಕ 7,500 ಕಿಲೋ ಒಳಗಿನ ಸರಕು ಗಾಡಿಗೆ 16,049 ರೂಪಾಯಿ, 12,000 ಕಿಲೋವರೆಗೆ 27,186, 20,000 ಕಿಲೋವರೆಗೆ 35,313, ಮೂರು ಚಕ್ರದ ಲಗೇಜು ಆಟೋಗೆ 4,492. ಇದನ್ನು ಕಟ್ಟದೆ ರಸ್ತೆಗೆ ಇಳಿಯುವಂತಿಲ್ಲ. ಕಟ್ಟಲೂ ಬೇಕು, ಅದು ದಾರಿಹೋಕನ ಕುಟುಂಬದ ಅನ್ನ. ಇಷ್ಟು ಕಟ್ಟಿದವರು ಉಳಿದ ಚಿಲ್ಲರೆಯಲ್ಲಿ ಉಳಿತಾಯ ಮಾಡಲು ಹೋಗಿ ತಮ್ಮ ಗಾಡಿಯ ಬೆಲೆಯನ್ನು ತಾವೇ ಕತ್ತರಿಸಿಕೊಳ್ಳುತ್ತಾರೆ. ಆ ಕತ್ತರಿಯನ್ನು ಕೈಗೆ ಕೊಟ್ಟವರು ಯಾರು ಎಂಬುದು ಬೇರೆ ಮಾತು.

ಸರಿ, ರಿಪೇರಿ ಖರ್ಚು 90,000ದ ಒಳಗೇ ಇದ್ದು ಲಾರಿ ಬದುಕಿತು ಎನ್ನೋಣ. ಆಗಲಾದರೂ ನ್ಯಾಯ ಸಿಗುತ್ತದೆಯೇ? ನಾವು ಹತ್ತು ವರ್ಷ ಕರಿಹಲಗೆಯ ಮುಂದೆ ನಿಂತವರು. ಲೆಕ್ಕ ಬಿಡಿಸದೆ ಮುಂದೆ ಹೋಗುವ ಅಭ್ಯಾಸವಿಲ್ಲ. ಬಿಲ್ಲು 80,000 ಎಂದಿಟ್ಟುಕೊಳ್ಳಿ. ಕಬ್ಬಿಣದ ಸಾಮಾನು 45,000. ಗಾಡಿಗೆ ಹತ್ತು ವರ್ಷ ದಾಟಿದ್ದರೆ ಅದರಲ್ಲಿ ಅರ್ಧ ಸವೆತವೆಂದು ಕಡಿತ, ಉಳಿದದ್ದು 22,500. ರಬ್ಬರು ಪ್ಲಾಸ್ಟಿಕ್ಕಿನ ಸಾಮಾನು 10,000. ಇದಕ್ಕೆ ಹೊಸ ಗಾಡಿಯಾದರೂ ಅರ್ಧವೇ, 5,000. ಗಾಜು 5,000, ಇದೊಂದು ಪೂರ್ತಿ. ಕೂಲಿ 20,000, ಪೂರ್ತಿ. ಒಟ್ಟು ಬರುವುದು 52,500. ಅದರಲ್ಲೂ ಕಡ್ಡಾಯ ಕಡಿತವೆಂದು ಇನ್ನಷ್ಟು. ಇದರ ಮೇಲೆ ಸರಕು ಗಾಡಿಗಳ ಪಾಲಿಸಿಯಲ್ಲಿ ಇನ್ನೊಂದು ಜಾಣತನವಿದೆ. ದೀಪ, ಟೈರು, ಮಡ್‌ಗಾರ್ಡ್, ಬಂಪರು, ಬಾನೆಟ್ಟಿನ ಪಕ್ಕದ ಭಾಗ, ಬಣ್ಣ, ಇವು ಬೇರೆಯಾಗಿ ಹೆಚ್ಚು ಪ್ರೀಮಿಯಂ ಕಟ್ಟಿದ ಹೊರತು ಭಾಗಶಃ ನಷ್ಟದಲ್ಲಿ ಸೇರುವುದಿಲ್ಲ. ಮೂತಿ ಜಜ್ಜಿದ ಲಾರಿಯಲ್ಲಿ ಬೇರೆ ಏನು ಒಡೆಯುತ್ತದೆ ಸ್ವಾಮೀ? ದೀಪ, ಬಂಪರು ಮತ್ತು ಮಡ್‌ಗಾರ್ಡನ್ನು ಬಿಟ್ಟು ಜಜ್ಜಿಕೊಳ್ಳುವ ಲಾರಿಯನ್ನು ನಾವು ಇನ್ನೂ ಕಂಡಿಲ್ಲ.

ಈ ಕಾಗದ ಓದಿದ ಸುದ್ದಿ ಯಾರ್ಡಿನಲ್ಲಿ ಹಬ್ಬಿ, ಮಾರನೆಯ ದಿನ ಕೆಲವು ಮಾಲೀಕ ಮಿತ್ರರು ನಮ್ಮ ಕಚೇರಿಗೆ ಬಂದರು. ಒಂದು ಹಸ್ತಪತ್ರಿಕೆಯ ಕರಡು ತಂದಿದ್ದರು. ಅದರ ತಲೆಬರಹ "ಹಳೇ ಗಾಡಿಗಳ ಸರ್ವೆ ರದ್ದಾಗಲಿ." ನಮ್ಮ ಪಕ್ಷದ ಹೆಸರು ಹಾಕಿ ಅಚ್ಚು ಮಾಡಿಸಿ ಎಂದರು. ಅದಕ್ಕೆ ನಾವು ಒಪ್ಪಲಿಲ್ಲ. ಒಪ್ಪದ ಕಾರಣವನ್ನು ಬಹಿರಂಗವಾಗಿಯೇ ಬರೆಯುತ್ತೇವೆ; ಅವರು ಬೇಸರಪಟ್ಟರೂ ಚಿಂತೆಯಿಲ್ಲ, ಹಿಂಬದಿಯಲ್ಲಿ ಮಾತಾಡುವುದಕ್ಕಿಂತ ಇದು ಮೇಲು.

ಈ ತಪಾಸಣೆಯ ಪದ್ಧತಿ ಹುಟ್ಟಿದ್ದು ಲಾರಿಯಲ್ಲಿ ಅಲ್ಲ, ಹಡಗಿನಲ್ಲಿ. ಅಮಾನಿಕೆರೆಯ ದೋಣಿಯ ಹೊರತು ಬೇರೆ ದೋಣಿ ಕಾಣದ ನಮ್ಮ ಊರಿಗೆ ಹಡಗಿನ ಕಥೆ ಏಕೆಂದು ಕೇಳಬಹುದು. ಸ್ವಲ್ಪ ತಾಳಿ. ಲಂಡನ್ನಿನಲ್ಲಿ ಎಡ್ವರ್ಡ್ ಲಾಯ್ಡ್ ಎಂಬಾತನ ಕಾಫಿ ಅಂಗಡಿಯಲ್ಲಿ ಕೂತ ವರ್ತಕರು ಹಡಗಿಗೆ ವಿಮೆ ಬರೆಯುತ್ತಿದ್ದರು. ಯಾವ ಹಡಗು ಗಟ್ಟಿ, ಯಾವುದು ಕೊಳೆತದ್ದು ಎಂದು ಅವರಿಗೆ ತಿಳಿಯಬೇಕಾಗಿತ್ತು. 1760ರಲ್ಲಿ ಅವರು ಒಂದು ಸಂಘ ಮಾಡಿಕೊಂಡು, ಹಡಗುಗಳನ್ನು ನೋಡಿ ದರ್ಜೆ ಕೊಡುವ ಸರ್ವೆಯರುಗಳನ್ನು ಇಟ್ಟರು. ಶಾಲೆಯ ಪರೀಕ್ಷೆಯಂತೆ ಒಡಲಿಗೆ ಒಂದು ದರ್ಜೆ, ಹಗ್ಗ ಲಂಗರುಗಳಿಗೆ ಒಂದು ದರ್ಜೆ. ಇದು ವರ್ತಕರ ಹಣದ ರಕ್ಷಣೆಗೆ ಮಾಡಿದ್ದು, ನಾವಿಕನ ಪ್ರಾಣಕ್ಕಲ್ಲ. ನೂರು ವರ್ಷದ ಮೇಲೆ ಏನಾಯಿತು? ವಿಮೆ ಸಿಕ್ಕುವ ಧೈರ್ಯದ ಮೇಲೆ ಕೆಲವು ಹಡಗು ಧಣಿಗಳು ಕೊಳೆತ ಹಡಗಿಗೆ ಮಿತಿಮೀರಿ ಸರಕು ತುಂಬಿ, ಇದ್ದ ಬೆಲೆಗಿಂತ ಹೆಚ್ಚು ವಿಮೆ ಮಾಡಿಸಿ ಕಡಲಿಗೆ ಬಿಡತೊಡಗಿದರು. ಮುಟ್ಟಿದರೆ ಬಾಡಿಗೆ, ಮುಳುಗಿದರೆ ವಿಮೆ. ಮುಳುಗುವವನು ಮಾತ್ರ ನಾವಿಕ. ಅಂಥ ಹಡಗುಗಳಿಗೆ ಜನ ಶವಪೆಟ್ಟಿಗೆ ಹಡಗು ಎಂದೇ ಹೆಸರಿಟ್ಟರು.

ಇದರ ವಿರುದ್ಧ ಎದ್ದವನು ಸ್ಯಾಮ್ಯುಯೆಲ್ ಪ್ಲಿಮ್‌ಸಾಲ್ ಎಂಬ ಪಾರ್ಲಿಮೆಂಟು ಸದಸ್ಯ. ಸಮಾಜವಾದಿಯಲ್ಲ, ಕಲ್ಲಿದ್ದಲಿನ ವ್ಯಾಪಾರಿ. ಸತ್ಯಕ್ಕೆ ಪಕ್ಷದ ಚೀಟಿ ಬೇಕಿಲ್ಲ. 1873ರಲ್ಲಿ ನಾವಿಕರ ಪರ ಪುಸ್ತಕ ಬರೆದ. 1875ರ ಜುಲೈನಲ್ಲಿ ಮಸೂದೆಯನ್ನು ಕೈಬಿಡುತ್ತೇವೆಂದು ಸರ್ಕಾರ ಹೇಳಿದಾಗ ಸಭೆಯಲ್ಲೇ ಕೂಗಾಡಿ ಗದ್ದಲವೆಬ್ಬಿಸಿದ. 1876ರಲ್ಲಿ ಕಾಯಿದೆಯಾಯಿತು: ಹಡಗಿನ ಪಕ್ಕದಲ್ಲಿ ಒಂದು ಗೆರೆ ಬಳಿಯಬೇಕು, ನೀರು ಅದನ್ನು ದಾಟುವಷ್ಟು ಸರಕು ತುಂಬಬಾರದು. ತಮಾಷೆಯೆಂದರೆ ಗೆರೆಯನ್ನು ಎಲ್ಲಿ ಬಳಿಯಬೇಕೆಂಬುದನ್ನು ಧಣಿಯ ಇಷ್ಟಕ್ಕೇ ಬಿಟ್ಟಿದ್ದರು. ಅದನ್ನು ಸರಿಪಡಿಸಲು 1890ರವರೆಗೆ ಕಾಯಬೇಕಾಯಿತು. ಕಾಯಿದೆ ಮಾಡಿ ಅದರ ಕೀಲಿಕೈಯನ್ನು ಕಳ್ಳನ ಕೈಗೇ ಕೊಡುವ ವಿದ್ಯೆ ನಮ್ಮವರು ಯಾರಿಂದ ಕಲಿತರು ಎಂಬುದು ಇದರಿಂದ ತಿಳಿಯುತ್ತದೆ.

ಆದ್ದರಿಂದ ತಪಾಸಣೆ ದುಡಿಯುವವನ ಶತ್ರುವಲ್ಲ. ಹಳೆಯ ಲಾರಿಯ ಬ್ರೇಕು ತಪ್ಪಿದರೆ ಮೊದಲು ಹೋಗುವುದು ಡ್ರೈವರನ ಪ್ರಾಣ, ಆಮೇಲೆ ಕ್ಲೀನರ್ ಹುಡುಗನದು, ಆಮೇಲೆ ಮೂಟೆಗಳ ಮೇಲೆ ಕೂತ ಹಮಾಲಿಯದು. ಗಿರಣಿ ಕೆಲಸಗಾರ ಬಂಧುಗಳು ಇದನ್ನು ಗಮನಿಸಿ ಓದಬೇಕು. ಪಾಳಿ ಮುಗಿಸಿ, ಬಸ್ಸಿನ ಚಾರ್ಜು ಉಳಿಯಿತೆಂದು, ಭತ್ತ ಇಳಿಸಿ ಖಾಲಿ ಹೊರಟ ಲಾರಿ ಹತ್ತಿ ಗುಬ್ಬಿಗೋ ಕುಣಿಗಲ್ಲಿಗೋ ಹೋಗುವವರು ನಮ್ಮಲ್ಲಿ ಎಷ್ಟು ಜನ ಇಲ್ಲ? ಸರಕು ಗಾಡಿಯಲ್ಲಿ ಪುಕ್ಕಟೆ ಹತ್ತಿ ಹೋಗುವವರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟು 2002ರಲ್ಲಿ ತೀರ್ಪು ಕೊಟ್ಟಿತು. ಸರಕಿನ ಒಡೆಯನೋ ಅವನ ಕಡೆಯವನೋ ಆಗಿದ್ದರೆ ಬೇರೆ ಮಾತು. ಲಾರಿಯ ಕೆಲಸದಾಳಾಗಿದ್ದರೆ ಬೇರೆ ಮಾತು. ಸುಮ್ಮನೆ ಹತ್ತಿದವನ ಹೆಂಡತಿ ಮಕ್ಕಳು ಒಂಟಿ ಲಾರಿಯ ಬಡ ಮಾಲೀಕನ ಮೇಲೆ ದಾವೆ ಹೂಡಬೇಕು. ಇಬ್ಬರು ಬಡವರು ಕೋರ್ಟಿನಲ್ಲಿ ಎದುರುಬದುರು ನಿಲ್ಲುತ್ತಾರೆ, ಕಂಪನಿಯ ವಕೀಲರು ಫೈಲು ಮಡಚಿಕೊಂಡು ಹೊರಟುಹೋಗುತ್ತಾರೆ. ಇಷ್ಟು ತಿಳಿದೂ "ಸರ್ವೆ ರದ್ದಾಗಲಿ" ಎಂದು ನಾವು ಅಚ್ಚು ಮಾಡಿಸಬೇಕೆ? ಹತ್ತು ಹಳೇ ಲಾರಿ ಕೊಂಡು, ಬ್ರೇಕು ನೋಡದೆ, ಸಂಬಳದ ಡ್ರೈವರುಗಳನ್ನು ಕೂರಿಸಿ ಬಿಡುವ ದೊಡ್ಡ ಟ್ರಾನ್ಸ್‌ಪೋರ್ಟು ಧಣಿಗೆ ಆ ಹಸ್ತಪತ್ರಿಕೆ ಹಬ್ಬದೂಟವಾಗುತ್ತದೆ.

ನಮ್ಮ ಜಗಳ ತಪಾಸಣೆಯ ಮೇಲಲ್ಲ. ತಪಾಸಣೆ ಮಾಡಿದವನು ಅದಕ್ಕೆ ಬದ್ಧನಾಗದಿರುವುದರ ಮೇಲೆ.

ಕರಾವಳಿಯಲ್ಲಿ ಇದೇ ಗೋಳನ್ನು ದೋಣಿಯವರು ಅನುಭವಿಸುತ್ತಿದ್ದಾರೆ. ಮಲ್ಪೆಯಲ್ಲಾಗಲಿ ಮಂಗಳೂರಿನಲ್ಲಾಗಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ಬಿಡುವಿನಲ್ಲಿ ದೋಣಿಯನ್ನು ದಡಕ್ಕೆ ಎಳೆದು ಹಲಗೆ ಬದಲಿಸಿ, ಬಣ್ಣ ಬಳಿದು, ಇಂಜಿನ್ನು ಬಿಚ್ಚುತ್ತಾರೆ. ಹಳೆಯ ದೋಣಿಗೆ ವಿಮೆ ಬೇಕೆಂದರೆ ಒಡಲು, ಇಂಜಿನ್ನು ಎರಡನ್ನೂ ಸರ್ವೆಯರಿಗೆ ತೋರಿಸಿ ಬೆಲೆ ಕಟ್ಟಿಸಿದ ಪತ್ರ ತರಬೇಕು. ದೋಣಿ ಹಳೆಯದಾದಷ್ಟೂ ಪತ್ರ ಹೆಚ್ಚು, ಬೆಲೆ ಕಡಮೆ, ಪ್ರಶ್ನೆ ಹೆಚ್ಚು. ಕೊನೆಗೆ ಬೇಡವೇ ಬೇಡವೆಂದು ವಿಮೆಯಿಲ್ಲದೆ ಕಡಲಿಗೆ ಹೋಗುವವರು ಅನೇಕ. ಕಡಲೇನು ವಿಮೆಯ ಪತ್ರ ನೋಡಿ ಅಲೆ ಎಬ್ಬಿಸುತ್ತದೆಯೇ? 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಎಂಬ ದೋಣಿ ಮಹಾರಾಷ್ಟ್ರದ ಕಡಲಲ್ಲಿ ಏಳು ಮಂದಿ ಮೀನುಗಾರರೊಡನೆ ಕಾಣೆಯಾಯಿತು. ಅದರ ಅವಶೇಷವನ್ನು ನೌಕಾಪಡೆಯವರು ಮಾಲ್ವಣದ ಆಚೆ ಕಡಲ ತಳದಲ್ಲಿ ಗುರುತಿಸಿದ್ದು 2019ರ ಮೇ ತಿಂಗಳಲ್ಲಿ. ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಆ ಏಳು ಮನೆಗಳವರು ಸತ್ತರೆನ್ನುವಂತಿಲ್ಲ, ಬದುಕಿದ್ದಾರೆನ್ನುವಂತಿಲ್ಲ. ಶವ ಸಿಗದೆ ಕಾಣೆಯಾದವನನ್ನು ಸತ್ತನೆಂದು ಕಾನೂನು ಊಹಿಸಬೇಕಾದರೆ ಏಳು ವರ್ಷ ಕಳೆಯಬೇಕು. ಲಾರಿಯವನ ನಷ್ಟಕ್ಕೆ ಗ್ಯಾರೇಜಾದರೂ ಸಾಕ್ಷಿಯಿದೆ. ದೋಣಿಯವನು ಕಡಲ ತಳವನ್ನೇ ಸಾಕ್ಷಿಗೆ ಕರೆಯಬೇಕು.

ಆದರೆ ದೋಣಿಯ ಕಾನೂನಿನಲ್ಲಿ ಒಂದು ಒಳ್ಳೆಯ ಮಾತಿದೆ. ಬಟವಾಡಿಯ ಮಿತ್ರರು ಅದನ್ನು ಬಾಯಿಪಾಠ ಮಾಡಬೇಕು. 1963ರ ಸಾಗರ ವಿಮಾ ಕಾಯಿದೆಯ 41ನೆಯ ಕಲಮಿನಲ್ಲಿ ಎರಡು ಬಗೆ. ಒಂದು ಯಾನಕ್ಕೆಂದು ವಿಮೆ ಮಾಡಿಸಿದ್ದರೆ ಹೊರಡುವ ಹೊತ್ತಿಗೆ ಹಡಗು ಕಡಲಿಗೆ ಯೋಗ್ಯವಾಗಿರಲೇಬೇಕು. ವರ್ಷಕ್ಕೆಂದು, ಅಂದರೆ ಕಾಲಾವಧಿಗೆ ವಿಮೆ ಮಾಡಿಸಿದ್ದರೆ ಹಾಗೆಂದು ತಾನಾಗಿಯೇ ಷರತ್ತಿಲ್ಲ. ಅಯೋಗ್ಯವೆಂದು ಗೊತ್ತಿದ್ದೂ ಧಣಿ ಕಡಲಿಗೆ ಬಿಟ್ಟಿದ್ದರೆ, ಆ ಅಯೋಗ್ಯತೆಯಿಂದಲೇ ಆದ ನಷ್ಟಕ್ಕೆ ಮಾತ್ರ ಕಂಪನಿ ಹೊಣೆಯಲ್ಲ. ಗೊತ್ತಿದ್ದೂ ಬಿಟ್ಟನೇ? ಪ್ರಶ್ನೆ ಇಷ್ಟೇ. ಶವಪೆಟ್ಟಿಗೆ ಹಡಗಿನ ಧಣಿಗೂ, ಕೈಲಾದಷ್ಟು ರಿಪೇರಿ ಮಾಡಿಸಿ ದೇವರಿಗೆ ಕಾಯಿ ಒಡೆದು ಹೊರಟ ಬೆಸ್ತನಿಗೂ ಇರುವ ವ್ಯತ್ಯಾಸ ಈ ಒಂದು ಪ್ರಶ್ನೆಯಲ್ಲಿದೆ. ಮೋಟಾರು ಪಾಲಿಸಿಯಲ್ಲಿ ಏನಿದೆ? ಗಾಡಿಯನ್ನು ದಕ್ಷ ಸ್ಥಿತಿಯಲ್ಲಿ ಇಟ್ಟುಕೊಳ್ಳತಕ್ಕದ್ದು ಎಂಬ ಒಂದು ಷರತ್ತು. ದಕ್ಷವೆಂದರೆ ಎಷ್ಟು? ಯಾರು ಅಳೆಯಬೇಕು? ನಷ್ಟವಾದ ಮೇಲೆ ಕಂಪನಿ ಅಳೆಯುತ್ತದೆ. ಹಣ ಕಟ್ಟಿಸಿಕೊಳ್ಳುವಾಗ ಅಳೆದದ್ದು ಅಷ್ಟು ಹೊತ್ತಿಗೆ ಮರೆತುಹೋಗಿರುತ್ತದೆ.

ಇನ್ನು ಸರ್ಕಾರದ ಪಾತ್ರಕ್ಕೆ ಬರೋಣ. ಬಾಡಿಗೆ ಗಾಡಿಗೆ ಎಂಟು ವರ್ಷವಾಗುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷವರ್ಷವೂ ಯೋಗ್ಯತಾ ಪತ್ರ, ನಮ್ಮವರ ಬಾಯಲ್ಲಿ ಎಫ್.ಸಿ., ಮಾಡಿಸಬೇಕು. ಸಾರಿಗೆ ಇಲಾಖೆಯವರು ಬ್ರೇಕು, ದೀಪ, ಹೊಗೆ ಎಲ್ಲ ನೋಡಿ ಈ ಗಾಡಿ ಯೋಗ್ಯವೆಂದು ಮೊಹರು ಒತ್ತುತ್ತಾರೆ. 2021ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ, ಹದಿನೈದು ವರ್ಷ ದಾಟಿದ ಭಾರಿ ಗಾಡಿಯ ಎಫ್.ಸಿ. ಶುಲ್ಕವನ್ನು 12,500 ರೂಪಾಯಿ ಎಂದೂ ಮೂರು ಚಕ್ರದ್ದನ್ನು 3,500 ಎಂದೂ ಗೊತ್ತುಮಾಡಿ, 2022ರ ಏಪ್ರಿಲ್ 1ರಿಂದ ಜಾರಿ ಎಂದಿತು. 2025ರ ನವೆಂಬರಿನಲ್ಲಿ ಇನ್ನೊಂದು ಅಧಿಸೂಚನೆ: ಇಪ್ಪತ್ತು ವರ್ಷ ದಾಟಿದ ಭಾರಿ ಗಾಡಿಗೆ 25,000, ಮೂರು ಚಕ್ರಕ್ಕೆ 7,000. ಪರೀಕ್ಷೆ ಅದೇ, ಗುಂಡಿ ಒತ್ತುವ ಬೆರಳು ಅದೇ, ಹೊಗೆ ಅಳೆಯುವ ಕೊಳವೆ ಅದೇ. ವಯಸ್ಸಾದ ಹುಡುಗನಿಂದ ಪರೀಕ್ಷೆಯ ಫೀಜು ಹತ್ತರಷ್ಟು ಕೇಳುವ ಶಾಲೆಯನ್ನು ನಾವು ನೋಡಿಲ್ಲ. ಇದು ಪರೀಕ್ಷೆಯ ಖರ್ಚಲ್ಲ, ಹಳೆಯದನ್ನು ಗುಜರಿಗೆ ಹಾಕಿ ಹೊಸದನ್ನು ಕೊಳ್ಳು ಎಂದು ಹಿಂದಿನಿಂದ ತಿವಿಯುವ ಕೋಲು. ಗುಜರಿಗೆ ಹಾಕಿದರೆ ಸಿಗುವುದೇನು? 2021ರ ಗುಜರಿ ನೀತಿಯ ಮಾತಿನಂತೆ ಹೊಸ ಗಾಡಿಯ ಬೆಲೆಯ ನೂರಕ್ಕೆ 4ರಿಂದ 6. ಉಳಿದ 94ಕ್ಕೆ ಬ್ಯಾಂಕಿನ ಸಾಲ, ಸಾಲಕ್ಕೆ ಬಡ್ಡಿ, ಬಡ್ಡಿ ತಪ್ಪಿದರೆ ಜಪ್ತಿಗೆ ಬರುವ ತರುಣರು. 2023ರ ಏಪ್ರಿಲ್ 1ರಿಂದ ಸರ್ಕಾರ ತನ್ನ ಹದಿನೈದು ವರ್ಷ ದಾಟಿದ ಗಾಡಿಗಳ ನೋಂದಣಿ ನಿಲ್ಲಿಸಿದೆ, ನೀವೂ ಹಾಗೆ ಮಾಡಿ ಎನ್ನುವವರಿದ್ದಾರೆ. ಸರ್ಕಾರಕ್ಕೆ ಖಜಾನೆಯಿದೆ. ಯಾರ್ಡಿನ ಲಾರಿಯವನಿಗೆ ಇರುವುದು ಹೆಂಡತಿಯ ಕೊರಳಿನ ಸರ.

ನಾವು ಕೇಳುವುದು ಇಷ್ಟು: ಹೀಗೆ ಹಣ ತೆತ್ತು ಪಡೆದ ಸರ್ಕಾರದ ಯೋಗ್ಯತಾ ಪತ್ರವನ್ನು ವಿಮಾ ಕಂಪನಿ ಏಕೆ ಒಪ್ಪುವುದಿಲ್ಲ? ಸರ್ಕಾರ ಯೋಗ್ಯವೆಂದ ಗಾಡಿಯನ್ನು ಕಂಪನಿಯವನು ಬಂದು ಮತ್ತೆ ಮೊಬೈಲಿನಲ್ಲಿ ಚಿತ್ರ ತೆಗೆದು ಅಯೋಗ್ಯವೆನ್ನುತ್ತಾನೆ. ಹಾಗಾದರೆ ಇಬ್ಬರಲ್ಲಿ ಒಬ್ಬರು ಸುಳ್ಳು. ಆದರೆ ಎಫ್.ಸಿ. ಮುಗಿದು ನಾಲ್ಕು ದಿನವಾಗಿದ್ದರೆ ಮಾತ್ರ ಕಂಪನಿಗೆ ಆ ಪತ್ರದ ಮೇಲೆ ಎಲ್ಲಿಲ್ಲದ ಭಕ್ತಿ ಹುಟ್ಟುತ್ತದೆ, ಪತ್ರವಿಲ್ಲ, ಆದ್ದರಿಂದ ಹಣವಿಲ್ಲ ಎನ್ನುತ್ತದೆ. ಇದ್ದಾಗ ಬೆಲೆಯಿಲ್ಲ, ಇಲ್ಲದಾಗ ಅದೇ ಸರ್ವಸ್ವ. ಒಂದೇ ತಪಾಸಣೆ ಸಾಕು. ಅದನ್ನು ಸಾರಿಗೆ ಇಲಾಖೆಯವರೂ ವಿಮೆಯವರೂ ಒಟ್ಟಿಗೆ ಮಾಡಲಿ. ಅದೂ ಲೋಡು ಬಿಟ್ಟು ಊರೂರು ಅಲೆಸದೆ, ಸಂತೆಯ ಮಾರನೆಯ ದಿನ ಯಾರ್ಡಿನಲ್ಲಿಯೇ ಬಂದು ಮಾಡಲಿ. ಏನು ಕಂಡರು, ಎಷ್ಟು ಬೆಲೆ ಕಟ್ಟಿದರು, ಏನು ರಿಪೇರಿ ಹೇಳಿದರು ಎಂಬುದನ್ನು ಕನ್ನಡದಲ್ಲಿ ಬರೆದು ಪ್ರತಿ ಕೊಡಲಿ. ಕಟ್ಟಿದ ಬೆಲೆ ಆ ವರ್ಷಕ್ಕೆ ಕಂಪನಿಯನ್ನು ಕಟ್ಟಿಹಾಕಬೇಕು. ಮೋಸ ಮಾಡಿದವನ, ಗೊತ್ತಿದ್ದೂ ಬ್ರೇಕು ಕೆಟ್ಟ ಗಾಡಿ ಬಿಟ್ಟವನ ಹೊರತು ಬೇರೆಯವರ ಮುಂದೆ ಹಳೆಯ ದೋಷ ಎತ್ತುವಂತಿರಬಾರದು. ಶುಲ್ಕವನ್ನು ಗಾಡಿಯ ವಯಸ್ಸಿನ ಮೇಲೆ ಹಾಕುವ ಬದಲು ಒಡೆಯನ ಬಳಿ ಎಷ್ಟು ಗಾಡಿಯಿದೆ ಎಂಬುದರ ಮೇಲೆ ಹಾಕಲಿ. ಒಂದೇ ಗಾಡಿಯವನಿಗೆ ಹಳೆಯ ಶುಲ್ಕ, ಐವತ್ತು ಗಾಡಿಯವನಿಗೆ ಬೇಕಾದರೆ 25,000.

ಕನಸು ಎನ್ನುವಿರಾ? ವಿಮೆ ಸಾರ್ವಜನಿಕರ ಸೊತ್ತಾಗಿದ್ದ ಕಾಲ ಈ ದೇಶದಲ್ಲಿ ಇತ್ತು. 1956ರಲ್ಲಿ ಜೀವ ವಿಮೆ, 1972ರ ಕಾಯಿದೆಯಿಂದ 1973ರ ಜನವರಿ 1ರಂದು ಸಾಮಾನ್ಯ ವಿಮೆ ರಾಷ್ಟ್ರೀಕರಣವಾಯಿತು. 107 ಕಂಪನಿಗಳನ್ನು ಸೇರಿಸಿ ನಾಲ್ಕು ಮಾಡಿದರು. ಆ ನಾಲ್ಕರಲ್ಲಿ ಎಲ್ಲ ಚೆನ್ನಾಗಿತ್ತೆಂದು ನಾವು ಹೇಳುವುದಿಲ್ಲ. ಅವುಗಳ ಕೌಂಟರಿನ ಮುಂದೆ ನಿಂತು ಕಾಲು ನೋಯಿಸಿಕೊಂಡವರಲ್ಲಿ ನಾವೂ ಒಬ್ಬರು. ಆದರೆ ಅವರ ಮೇಲೆ ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಕೇಳಬಹುದಾಗಿತ್ತು. 1999ರ ಕಾಯಿದೆ ಖಾಸಗಿಯವರಿಗೆ ಬಾಗಿಲು ತೆರೆಯಿತು, ವಿದೇಶಿ ಬಂಡವಾಳಕ್ಕೆ ನೂರಕ್ಕೆ 26 ಎಂದಿತು. 2015ರಲ್ಲಿ ಅದು 49 ಆಯಿತು, 2021ರಲ್ಲಿ 74, 2025ರ ಡಿಸೆಂಬರಿನಲ್ಲಿ ಪಾರ್ಲಿಮೆಂಟು ಪೂರ್ತಿ 100ಕ್ಕೆ ಒಪ್ಪಿಗೆ ಕೊಟ್ಟಿತು. 2021ರಲ್ಲಿಯೇ ಇನ್ನೊಂದು ತಿದ್ದುಪಡಿ ಮಾಡಿ, ಆ ಸರ್ಕಾರಿ ಕಂಪನಿಗಳಲ್ಲಿ ಸರ್ಕಾರದ ಪಾಲು 51ಕ್ಕಿಂತ ಕೆಳಗಿಳಿಯಬಹುದೆಂದರು. ಎಲ್ಲಿಯೋ ಕೂತು ಲಾಭದ ಪಾಲು ಎಣಿಸುವವನಿಗೆ ಬಟವಾಡಿಯ ಹದಿನಾರು ವರ್ಷದ ಲಾರಿ ಒಂದು ಅಂಕಿ. ಪ್ರೀಮಿಯಂ ಕೈಗೆ ಬರುವವರೆಗೆ ಹೊಣೆ ಹೊರಬಾರದೆಂದು 1938ರ ವಿಮಾ ಕಾಯಿದೆಯ 64ವಿಬಿ ಕಲಮು ಹೇಳುತ್ತದೆ. ಹಣ ಮೊದಲು, ಹೊಣೆ ಆಮೇಲೆ. ನಮ್ಮ ಹಮಾಲಿಗಳಿಗೂ ಇಂಥದೊಂದು ಕಲಮು ಇದ್ದಿದ್ದರೆ! ಕೂಲಿ ಮೊದಲು, ಮೂಟೆ ಆಮೇಲೆ.

ಆದರೆ ರಾಷ್ಟ್ರೀಕರಣ ಮತ್ತೆ ಬರುವವರೆಗೆ ಲಾರಿ ಗ್ಯಾರೇಜಿನಲ್ಲಿ ಕಾಯುವುದಿಲ್ಲ. ಗ್ಯಾರೇಜಿನವನು ಬಾಡಿಗೆ ಹಾಕುತ್ತಾನೆ. ಇಂದು ಕೈಯಲ್ಲಿರುವ ಹತ್ಯಾರುಗಳನ್ನು ಹೇಳುತ್ತೇವೆ. ಸರ್ವೆಯರು ಬರೆದದ್ದೇ ಕೊನೆಯ ಮಾತಲ್ಲ. 2009ರಲ್ಲಿ ಒಂದು ಲಾರಿ ಅಪಘಾತದ ಮೊಕದ್ದಮೆಯಲ್ಲಿಯೇ ಸುಪ್ರೀಂ ಕೋರ್ಟು ಹಾಗೆಂದು ಸ್ಪಷ್ಟವಾಗಿ ಹೇಳಿದೆ. ವರದಿ ಆಧಾರವಾಗಬಹುದು, ಆದರೆ ಅದು ಯಾರನ್ನೂ ಕಟ್ಟಿಹಾಕುವುದಿಲ್ಲ ಎಂದಿದೆ. ಆದ್ದರಿಂದ ಗ್ಯಾರೇಜಿನ ಬಿಲ್ಲು, ಹಳೆಯ ಸಾಮಾನು, ಒಡೆದ ದಿನದ ಫೋಟೋ ಯಾವುದನ್ನೂ ಎಸೆಯಬೇಡಿ. ಪಾಲಿಸಿಯ ಷರತ್ತು ಮುರಿದಿದೆ ಎಂದು ಪೂರ್ತಿ ಕೈತೊಳೆಯುವ ಬದಲು, ಪ್ರಸಂಗ ನೋಡಿ ನೂರಕ್ಕೆ 75ರವರೆಗೆ ಕೊಡಬಹುದೆಂದು 2010ರಲ್ಲಿ ಅದೇ ಕೋರ್ಟು ಒಪ್ಪಿದೆ. ಬೇಕಾದ ಕಾಗದಪತ್ರಗಳನ್ನು ಪಾಲಿಸಿ ಬರೆಯುವಾಗಲೇ ಕೇಳಿಕೊಳ್ಳಬೇಕು, ಕಾಗದ ಸಾಲದೆಂಬ ಒಂದೇ ಕಾರಣಕ್ಕೆ ಕ್ಲೇಮು ತಳ್ಳಬಾರದು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಜೂನ್‌ನಲ್ಲಿ ಕಂಪನಿಗಳಿಗೆ ಸುತ್ತೋಲೆ ಕಳಿಸಿದೆ. ಮೊದಲು ಕಂಪನಿಗೇ ಬರೆದು ದೂರು ಕೊಡಿ. ತಿಂಗಳಾದರೂ ಉತ್ತರವಿಲ್ಲದಿದ್ದರೆ, ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನಲ್ಲಿ ವಿಮಾ ಓಂಬುಡ್ಸ್‌ಮನ್ ಕಚೇರಿಯಿದೆ. ಒಬ್ಬಂಟಿ ಮಾಲೀಕನ ದೂರೂ ಅಲ್ಲಿ ನಡೆಯುತ್ತದೆ, ಶುಲ್ಕವಿಲ್ಲ, ಆದರೆ ವರ್ಷದೊಳಗೆ ಹೋಗಬೇಕು. ಅದಲ್ಲದೆ ಜಿಲ್ಲಾ ಗ್ರಾಹಕ ಆಯೋಗವಿದೆ. ಐದು ಲಕ್ಷದವರೆಗಿನ ದೂರಿಗೆ ಅಲ್ಲಿಯೂ ಶುಲ್ಕವಿಲ್ಲ. ಸ್ವಂತ ದುಡಿಮೆಯ ಬದುಕಿಗೆ ಗಾಡಿ ಇಟ್ಟವನನ್ನು ಅಲ್ಲಿ ಗ್ರಾಹಕನೆಂದೇ ಎಣಿಸುತ್ತಾರೆ.

ಪಾಲಿಸಿ ಬರೆಯಿಸುವ ದಿನ ಮಾಡಬೇಕಾದ ಕೆಲಸ ಇನ್ನೂ ಸುಲಭ. ಬೆಲೆ ಕಟ್ಟುವಾಗ ಅಂಥದೇ ಗಾಡಿ ಯಾರ್ಡಿನಲ್ಲಿ ಎಷ್ಟಕ್ಕೆ ಮಾರಾಟವಾಗಿದೆ ಎಂಬ ಎರಡು ಮೂರು ಚೀಟಿ ಮುಂದಿಡಿ. ಇಂತಿಷ್ಟು ಬೆಲೆ ಎಂದು ಬರೆದು ಕೊಡಿ, ಬರವಣಿಗೆಯಲ್ಲೇ ಉತ್ತರ ಕೇಳಿ. ಒಬ್ಬೊಬ್ಬರೇ ಹೋದರೆ ಏಜೆಂಟರು ಚಹಾ ಕುಡಿಸಿ ಕಳಿಸುತ್ತಾರೆ. ಇಪ್ಪತ್ತು ಜನ ಒಟ್ಟಿಗೆ ಒಂದೇ ದಿನ ನವೀಕರಣಕ್ಕೆ ಹೋದರೆ ಸಮ್ಮತಿ ಎಂಬ ಮಾತಿಗೆ ಒಂದಿಷ್ಟು ಅರ್ಥ ಬರುತ್ತದೆ. ನವೀಕರಣವನ್ನು ತಡಮಾಡಬೇಡಿ; ತಡವಾದರೆ ತಪಾಸಣೆಯ ಬಲೆ, ತೊಂಬತ್ತು ದಿನ ದಾಟಿದರೆ ಕ್ಲೇಮಿಲ್ಲದ ವರ್ಷಗಳ ರಿಯಾಯಿತಿಯೂ ಹೋಯಿತು.

ಕರಡು ತಂದ ಮಿತ್ರರಲ್ಲಿ ಇಬ್ಬರು ನಮ್ಮ ಮೇಲೆ ಮುನಿಸಿಕೊಂಡು ಹೋದರು. ಉಳಿದವರು ತಲೆಬರಹ ಹೊಡೆದುಹಾಕಿ ಬೇರೆ ಬರೆಯಲು ಒಪ್ಪಿದ್ದಾರೆ. ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬಟವಾಡಿ ಯಾರ್ಡಿನ ಹಮಾಲಿಗಳ ಚಪ್ಪರದಲ್ಲಿ ಕೂಡುತ್ತೇವೆ. ಲಗೇಜು ಆಟೋದವರು, ಒಂದೆರಡು ಲಾರಿಯವರು, ಡ್ರೈವರುಗಳು, ಕ್ಲೀನರುಗಳು, ಅವರ ಗಾಡಿಯಲ್ಲಿ ಸರಕು ಕಳಿಸುವ ಅಂಗಡಿಯವರು ಬರಬೇಕು. ಹೆಣದ ಬೆಲೆಯ ಕಾಗದ ತಂದ ನಮ್ಮ ಮಿತ್ರರ ದೂರನ್ನು ಅಲ್ಲಿಯೇ ಎಲ್ಲರೆದುರು ಬರೆಯುತ್ತೇವೆ, ಅವರು ಆರ್.ಸಿ. ರದ್ದು ಮಾಡಿಸದೆ ತಡೆದಿದ್ದಾರೆ. ಬರುವವರು ಪಾಲಿಸಿ, ಆರ್.ಸಿ., ಎಫ್.ಸಿ. ಮೂರರ ಪ್ರತಿಯನ್ನೂ ತನ್ನಿ. ಪಾಲಿಸಿಯ ಹಿಂಬದಿಯ ಪುಟಗಳೂ ಇರಲಿ. ಕನ್ನಡಕವಿದ್ದವರು ಅದನ್ನೂ ಮರೆಯದೆ ತರಬೇಕು; ಅಲ್ಲಿಯ ಅಕ್ಷರ ಬಹಳ ಸಣ್ಣದು.